ಆಂಟಿವೈರಸ್‌ಗೆ ದುಡ್ಡು ಕೊಡಬೇಕಾ? ಅಪ್ಪನ ಫೋನಿಗೊಂದು ಉತ್ತರ, ಅಂಗಡಿ ಕಂಪ್ಯೂಟರಿಗೊಂದು ಉತ್ತರ

 

ಈ ವಾರದ ವಿಷಯ ಬಂದಿದ್ದು ಒಂದು ವಾಯ್ಸ್ ನೋಟ್‌ನಿಂದ. ಕಳಿಸಿದವರು ಹಾವೇರಿ ಜಿಲ್ಲೆಯವರು. ಜೆರಾಕ್ಸ್ ಅಂಗಡಿ ಇಟ್ಕೊಂಡಿದ್ದಾರೆ, ಜೊತೆಗೆ ಆನ್‌ಲೈನ್ ಅರ್ಜಿ ಹಾಕಿಕೊಡ್ತಾರೆ. ಹೆಸರು ಬೇಡ ಅಂದಿದ್ದಾರೆ. ಅವರ ಮಾತಲ್ಲೇ ಹೇಳ್ತೀನಿ: “ಅಂಗಡ್ಯಾಗ ಎರಡು ಕಂಪ್ಯೂಟರ್ ಅದಾವ. ಆಂಟಿವೈರಸ್ ಮುಗದೈತಿ, ರಿನ್ಯೂ ಮಾಡಸ್ರಿ ಅಂತ ದಿನಾ ತೋರಸ್ತೈತಿ. ಮಾಡಸಾಕ ಹೋದ್ರ, ನಿಮ್ಮಪ್ಪಾರ ಫೋನಿಗೂ ಒಂದು ಹಾಕಸ್ರಿ, ರೊಕ್ಕ ಸೇಫ್ ಇರ್ತೈತಿ ಅಂತಾರ. ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಮೆಣಸಿನಕಾಯಿ ಮಾರಿದ ರೊಕ್ಕ ಅಪ್ಪಾರ ಅಕೌಂಟಿನ್ಯಾಗ ಐತಿ. ಹಾಕಸ್ಲೋ ಬ್ಯಾಡೋ?”

ಇದರಲ್ಲಿ ಎರಡು ಪ್ರಶ್ನೆ ಇದೆ. ಒಂದು ಅಪ್ಪನ ಫೋನಿಂದು, ಇನ್ನೊಂದು ಅಂಗಡಿ ಕಂಪ್ಯೂಟರಿಂದು. ಎರಡಕ್ಕೂ ಒಂದೇ ಉತ್ತರ ಕೊಟ್ರೆ ತಪ್ಪಾಗುತ್ತೆ. ಮಾರೋರು ಮಾತ್ರ ಎರಡನ್ನೂ ಒಂದೇ ಪ್ಯಾಕಲ್ಲಿ ಕಟ್ಟಿ ಕೊಡ್ತಾರೆ.

ನಾನು ಓದಿದ್ದು ಬಿ.ಕಾಂ., ಕಂಪ್ಯೂಟರ್ ಸೈನ್ಸ್ ಅಲ್ಲ. ಅದಕ್ಕೆ ನಾನು ಇದನ್ನ ವಿಮೆ ಥರ ನೋಡ್ತೀನಿ. ಪ್ರೀಮಿಯಂ ಎಷ್ಟು ಅಂತ ಕೇಳೋ ಮುಂಚೆ ಯಾವ ನಷ್ಟಕ್ಕೆ ಪಾಲಿಸಿ ಅಂತ ಕೇಳ್ಬೇಕು. ಅಂಗಡಿಗೆ ಬರೀ ಬೆಂಕಿ ವಿಮೆ ಮಾಡಿಸಿ, ಗಲ್ಲಾಪೆಟ್ಟಿಗೆಯಿಂದ ದುಡ್ಡು ಕಳುವಾದಾಗ ಕ್ಲೇಮ್ ಹಾಕಿದ್ರೆ ಯಾರೂ ಕೊಡಲ್ಲ. ಆಂಟಿವೈರಸ್ ಕಥೆನೂ ಅಷ್ಟೇ. ನಿಮ್ಮ ದುಡ್ಡು ಯಾವ ಬಾಗಿಲಿಂದ ಹೋಗುತ್ತೆ, ಅದು ಯಾವ ಬಾಗಿಲು ಕಾಯುತ್ತೆ, ಇವೆರಡೂ ಒಂದೇನಾ ಅಂತ ಮೊದಲು ನೋಡ್ಬೇಕು.

ಮೊದಲು ಫೋನ್ ತಗೊಳ್ಳೋಣ.

ನಮ್ಮ ಕಡೆ ಜನರ ದುಡ್ಡು ಹೇಗೆ ಹೋಗ್ತಿದೆ ನೋಡಿ. ಒಬ್ಬರು ಫೋನ್ ಮಾಡಿ ಕೆವೈಸಿ ಮುಗೀತಿದೆ ಅಂತಾರೆ, ಒಟಿಪಿ ಕೇಳ್ತಾರೆ. ಇನ್ನೊಬ್ಬ ದುಡ್ಡು ಬರುತ್ತೆ ಅಂತ ಹೇಳಿ ಯುಪಿಐ ಪಿನ್ ಹಾಕಿಸ್ಕೊಳ್ತಾನೆ. ಮತ್ತೊಬ್ಬ ಪೊಲೀಸ್ ಡ್ರೆಸ್ ಹಾಕ್ಕೊಂಡು ವಿಡಿಯೋ ಕಾಲಲ್ಲಿ ಬಂದು ‘ಡಿಜಿಟಲ್ ಅರೆಸ್ಟ್’ ಅಂತಾನೆ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲೇ ಇದರ ಬಗ್ಗೆ ಮಾತಾಡಿ, ಕಾನೂನಲ್ಲಿ ಇಂಥ ಅರೆಸ್ಟ್ ಇಲ್ಲವೇ ಇಲ್ಲ ಅಂತ ಹೇಳಬೇಕಾಗಿ ಬಂತು. ಈ ಮೂರರಲ್ಲೂ ವೈರಸ್ ಎಲ್ಲಿದೆ? ಎಲ್ಲೂ ಇಲ್ಲ. ಫೋನ್ ಸರಿಯಾಗೇ ಕೆಲಸ ಮಾಡ್ತಿದೆ, ಪಿನ್ ಹಾಕ್ತಿರೋದು ಫೋನಿನ ಯಜಮಾನರೇ. ಇಂಥದ್ದನ್ನ ತಡೆಯೋಕೆ ಅಂತ ಆಂಟಿವೈರಸ್ ಮಾಡಿಲ್ಲ.

ನಾಲ್ಕನೇ ದಾರಿ ಒಂದಿದೆ. ಅದರಲ್ಲಿ ನಿಜಕ್ಕೂ ಕೆಟ್ಟ ಸಾಫ್ಟ್‌ವೇರ್ ಇರುತ್ತೆ. ವಾಟ್ಸಾಪಲ್ಲಿ ಮದುವೆ ಕರೆಯೋಲೆ ಅಂತ ಒಂದು ಫೈಲ್ ಬರುತ್ತೆ. ಇಲ್ಲಾಂದ್ರೆ ಗಾಡಿ ಮೇಲೆ ಫೈನ್ ಇದೆ ಅಂತ ಚಲನ್, ಇಲ್ಲಾಂದ್ರೆ ಪಿಎಂ ಕಿಸಾನ್ ಪಟ್ಟಿ. ಫೈಲಿನ ಹೆಸರಿನ ಕೊನೇಲಿ ‘ಎಪಿಕೆ’ ಅಂತಿರುತ್ತೆ. ಎಪಿಕೆ ಅಂದ್ರೆ ಫೋಟೋನೂ ಅಲ್ಲ, ಪಿಡಿಎಫ್ಫೂ ಅಲ್ಲ, ಅದೊಂದು ಆ್ಯಪ್. ಒತ್ತಿದ್ರೆ ಇನ್‌ಸ್ಟಾಲ್ ಆಗುತ್ತೆ, ಆಮೇಲೆ ಎಸ್‌ಎಂಎಸ್ ಓದೋಕೆ ಅನುಮತಿ ಕೇಳುತ್ತೆ. ಕೊಟ್ರೆ ಮುಗೀತು. ಬ್ಯಾಂಕಿಂದ ಬರೋ ಒಟಿಪಿ ಅಪ್ಪ ನೋಡೋ ಮುಂಚೆ ಬೇರೆ ಯಾರೋ ಓದಿರ್ತಾರೆ.

ಇದನ್ನ ಆಂಟಿವೈರಸ್ ತಡೆಯಬಹುದು. ಆದರೆ ಇದಕ್ಕೆ ದುಡ್ಡು ಕೊಡೋ ಅಗತ್ಯ ಇಲ್ಲ. ಆಂಡ್ರಾಯ್ಡ್ ಫೋನಲ್ಲಿ 2017ರಿಂದ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಇದೆ, ಉಚಿತ. ಪ್ಲೇ ಸ್ಟೋರ್ ಬಿಟ್ಟು ಹೊರಗಿಂದ ಬಂದ ಆ್ಯಪ್‌ಗಳನ್ನೂ ಅದು ಪರೀಕ್ಷೆ ಮಾಡುತ್ತೆ. 2024ರಲ್ಲಿ ಗೂಗಲ್ ಭಾರತದಲ್ಲಿ ಇನ್ನೊಂದು ಪ್ರಯೋಗ ಶುರು ಮಾಡ್ತು. ಬ್ರೌಸರ್, ವಾಟ್ಸಾಪ್, ಫೈಲ್ ಮ್ಯಾನೇಜರ್ ಇಂಥ ಕಡೆಯಿಂದ ಬಂದ ಆ್ಯಪ್ ಎಸ್‌ಎಂಎಸ್ ಓದೋ ಅನುಮತಿನೋ ಆಕ್ಸೆಸಿಬಿಲಿಟಿ ಅನುಮತಿನೋ ಬೇಕು ಅನ್ನೋ ಥರ ಇದ್ರೆ, ಅದನ್ನ ಇನ್‌ಸ್ಟಾಲ್ ಆಗೋಕೇ ಬಿಡಲ್ಲ. ಅದಕ್ಕೇ ಈಗ ಮೋಸಗಾರರು ಫೋನಲ್ಲಿ ಮಾತಾಡ್ತಾ “ಸರ್, ಮೊದಲು ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ” ಅಂತ ಹೇಳಿಕೊಡ್ತಾರೆ. ಯಾರಾದ್ರೂ ಹಾಗಂದ್ರೆ ಅಲ್ಲೇ ಫೋನ್ ಇಟ್ಬಿಡಿ.

ಇನ್ನೊಂದು ವಿಷಯ. ಆಂಡ್ರಾಯ್ಡಲ್ಲಿ ಪ್ರತಿ ಆ್ಯಪ್ಪಿಗೂ ಒಂದೊಂದು ಕೋಣೆ ಅಂದ್ಕೊಳ್ಳಿ. ಒಂದು ಕೋಣೆಯವರು ಇನ್ನೊಂದು ಕೋಣೆಯೊಳಗೆ ಇಣುಕೋ ಹಾಗಿಲ್ಲ. ನೀವು ದುಡ್ಡು ಕೊಟ್ಟು ತಂದ ಆಂಟಿವೈರಸ್ ಕೂಡ ಅಂಥದ್ದೇ ಒಂದು ಆ್ಯಪ್. ಅದು ಹೊಸದಾಗಿ ಬಂದ ಫೈಲ್ ನೋಡಬಹುದು, ಕೆಟ್ಟ ಲಿಂಕ್ ತಡೆಯಬಹುದು. ಆದರೆ ಬೇರೆ ಆ್ಯಪ್‌ನ ಕೋಣೆಯೊಳಗೆ ಏನು ನಡೀತಿದೆ ಅಂತ ನೋಡೋ ಅಧಿಕಾರ ಅದಕ್ಕಿಲ್ಲ. ಐಫೋನಲ್ಲಂತೂ ಈ ಗೋಡೆ ಇನ್ನೂ ಗಟ್ಟಿ, ಅಲ್ಲಿ ಆಂಟಿವೈರಸ್ ಅಂತ ಮಾರೋದರಲ್ಲಿ ಬೇರೆ ಆ್ಯಪ್‌ಗಳನ್ನ ಸ್ಕ್ಯಾನ್ ಮಾಡೋ ಶಕ್ತಿನೇ ಇರಲ್ಲ.

2019ರಲ್ಲಿ ಆಸ್ಟ್ರಿಯಾ ದೇಶದ ಎವಿ-ಕಂಪ್ಯಾರೆಟಿವ್ಸ್ ಅನ್ನೋ ಪರೀಕ್ಷಾ ಸಂಸ್ಥೆ 250 ಆಂಡ್ರಾಯ್ಡ್ ಆಂಟಿವೈರಸ್ ಆ್ಯಪ್‌ಗಳನ್ನ ಪರೀಕ್ಷೆ ಮಾಡ್ತು. ಒಳ್ಳೆ ಆ್ಯಪ್ಪನ್ನ ಕೆಟ್ಟದ್ದು ಅನ್ನದೆ, ಕೆಟ್ಟ ಆ್ಯಪ್‌ಗಳಲ್ಲಿ ಕನಿಷ್ಠ 30% ಹಿಡಿದಿದ್ದು ಬರೀ 80. ಕೆಲವು ಆ್ಯಪ್‌ಗಳು ಏನ್ ಮಾಡ್ತಿದ್ವು ಗೊತ್ತಾ? ಒಳಗೆ ಒಂದು ‘ಒಳ್ಳೆಯವರ ಪಟ್ಟಿ’ ಇಟ್ಕೊಂಡು, ಅದರಲ್ಲಿ ಇಲ್ಲದಿರೋದೆಲ್ಲ ವೈರಸ್ ಅಂತಿದ್ವು. ಆ ಪಟ್ಟಿಗೆ ತಮ್ಮದೇ ಹೆಸರು ಸೇರಿಸೋಕೆ ಮರೆತಿದ್ದ ಆ್ಯಪ್‌ಗಳು ತಮ್ಮನ್ನ ತಾವೇ ವೈರಸ್ ಅಂತ ತೋರಿಸಿದ್ವು! ಹೆಸರಿರೋ ಕಂಪನಿಗಳ ಆ್ಯಪ್ ಚೆನ್ನಾಗೇ ಮಾಡಿದ್ವು, ಅದು ನಿಜ. ಆದರೆ ‘ಆಂಟಿವೈರಸ್’ ಅಂತ ಹೆಸರಿದ್ರೆ ಸಾಕು, ಕೆಲಸ ಮಾಡುತ್ತೆ ಅಂತ ನಂಬೋ ಹಾಗಿಲ್ಲ.

ಹಾಗಾಗಿ ಫೋನಿಗೆ ನನ್ನ ಉತ್ತರ: ದುಡ್ಡು ಕೊಡಬೇಡಿ. ಅದರ ಬದಲು ಇವತ್ತು ರಾತ್ರಿ ಅಪ್ಪನ ಪಕ್ಕ ಹತ್ತು ನಿಮಿಷ ಕೂತ್ಕೊಳ್ಳಿ. ಪ್ಲೇ ಸ್ಟೋರ್ ತೆಗೆದು ಪ್ಲೇ ಪ್ರೊಟೆಕ್ಟ್ ಆನ್ ಇದೆಯಾ ನೋಡಿ. ಸೆಟ್ಟಿಂಗ್ಸಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಅಂತ ಹುಡುಕಿ, ವಾಟ್ಸಾಪ್, ಕ್ರೋಮ್ ಎರಡಕ್ಕೂ ಅನುಮತಿ ತೆಗೆದುಹಾಕಿ. ಎಸ್‌ಎಂಎಸ್ ಓದೋ ಅನುಮತಿ ಯಾರ್ಯಾರಿಗಿದೆ, ಆಕ್ಸೆಸಿಬಿಲಿಟಿ ಯಾರ್ಯಾರಿಗಿದೆ, ಆ ಎರಡು ಪಟ್ಟಿ ನೋಡಿ. ಗುರುತಿಲ್ಲದ ಹೆಸರಿದ್ರೆ ಕಿತ್ತು ಹಾಕಿ.

ಆಮೇಲೆ ದುಡ್ಡಿನ ವಿಷಯ. ಮೆಣಸಿನಕಾಯಿ ಮಾರಿದ ದುಡ್ಡು ಇರೋ ಖಾತೆಗೆ ಯುಪಿಐ ಯಾಕೆ ಬೇಕು? ಇನ್ನೊಂದು ಸಣ್ಣ ಖಾತೆ ತೆಗೆಸಿ, ದಿನದ ಖರ್ಚಿಗೆ ಎರಡು ಮೂರು ಸಾವಿರ ಅದರಲ್ಲಿಟ್ಟು ಯುಪಿಐ ಅದಕ್ಕೆ ಜೋಡಿಸಿ. ದೊಡ್ಡ ಮೊತ್ತದ ಖಾತೆಗೆ ಫೋನಲ್ಲಿ ಯುಪಿಐನೂ ಬೇಡ, ಬ್ಯಾಂಕಿನ ಆ್ಯಪ್ಪೂ ಬೇಡ. ಅಕಸ್ಮಾತ್ ಮೋಸ ಆದ್ರೂ ಹೋಗೋದು ಎರಡು ಮೂರು ಸಾವಿರ, ವರ್ಷದ ದುಡಿಮೆ ಉಳಿಯುತ್ತೆ. ಯಾವ ಆಂಟಿವೈರಸ್ ಕಂಪನಿನೂ ಇದನ್ನ ಹೇಳಿಕೊಡಲ್ಲ, ಯಾಕಂದ್ರೆ ಇದರಲ್ಲಿ ಮಾರೋದಕ್ಕೆ ಏನೂ ಇಲ್ಲ.

ಈಗ ಅಂಗಡಿ ಕಂಪ್ಯೂಟರ್.

ಇಲ್ಲಿ ಲೆಕ್ಕ ಬೇರೆ. ಮೊದಲು ಮನೇಲಿ ಒಂದು ಲ್ಯಾಪ್‌ಟಾಪ್ ಇಟ್ಕೊಂಡಿರೋ ಸ್ಟೂಡೆಂಟ್ಸಿಗೆ ಹೇಳ್ಬಿಡ್ತೀನಿ. 2012ರಲ್ಲಿ ಬಂದ ವಿಂಡೋಸ್ 8ರಿಂದ ವಿಂಡೋಸ್ ಒಳಗೇ ಡಿಫೆಂಡರ್ ಅನ್ನೋ ಆಂಟಿವೈರಸ್ ಇದೆ. ಮೊದಮೊದಲು ಅದಕ್ಕೆ ಒಳ್ಳೆ ಹೆಸರಿರಲಿಲ್ಲ. ಈಗ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯ ಪರೀಕ್ಷೆಗಳಲ್ಲಿ ಅದು ದುಡ್ಡಿನ ಆಂಟಿವೈರಸ್‌ಗಳ ಜೊತೆ ಸಮಕ್ಕೆ ಪೂರ್ತಿ ಅಂಕ ತಗೊಳ್ಳುತ್ತೆ. ಅಲ್ಲದೆ ಅವಾಸ್ಟ್, ಬಿಟ್‌ಡಿಫೆಂಡರ್ ಥರದ ಕಂಪನಿಗಳ ಉಚಿತ ಆವೃತ್ತಿಲೂ ದುಡ್ಡಿನ ಆವೃತ್ತಿಲೂ ವೈರಸ್ ಹಿಡಿಯೋ ಎಂಜಿನ್ ಒಂದೇ. ನೀವು ಕೊಡೋ ದುಡ್ಡು ಹೋಗೋದು ಮೇಲಿನ ಸೌಲಭ್ಯಕ್ಕೆ: ವಿಪಿಎನ್, ಪಾಸ್‌ವರ್ಡ್ ಮ್ಯಾನೇಜರ್, ಮಕ್ಕಳ ಮೇಲೆ ನಿಗಾ, ಫೋನ್ ಮಾಡಿದ್ರೆ ಸಹಾಯ ಮಾಡೋ ಸಿಬ್ಬಂದಿ. ಅವು ಬೇಕಿದ್ರೆ ತಗೊಳ್ಳಿ. ಬರೀ ವೈರಸ್ ಭಯಕ್ಕಾದ್ರೆ ಡಿಫೆಂಡರ್ ಸಾಕು. ಆದರೆ ಕ್ರ್ಯಾಕ್ ಮಾಡಿದ ಆಫೀಸ್, ಕ್ರ್ಯಾಕ್ ಮಾಡಿದ ಗೇಮ್ ಹಾಕೋ ಅಭ್ಯಾಸ ಇದ್ರೆ ಯಾವುದೂ ಸಾಕಾಗಲ್ಲ. ಅದರ ಸೂಚನೆಯ ಮೊದಲನೇ ಸಾಲೇ “ಆಂಟಿವೈರಸ್ ಆಫ್ ಮಾಡಿ” ಅಂತಿರುತ್ತೆ. ಕಾವಲುಗಾರನ್ನ ರಜೆ ಮೇಲೆ ಕಳಿಸಿದ್ಮೇಲೆ ಅವನಿಗೆ ಸಂಬಳ ಎಷ್ಟು ಕೊಡ್ತಿದ್ವಿ ಅನ್ನೋದು ಲೆಕ್ಕಕ್ಕೇ ಬರಲ್ಲ.

ಜೆರಾಕ್ಸ್ ಅಂಗಡಿ ಹಾಗಲ್ಲ. ದಿನಕ್ಕೆ ಎಷ್ಟೋ ಪೆನ್‌ಡ್ರೈವ್ ಚುಚ್ತಾರೆ. ಗಿರಾಕಿಗಳ ಮೇಲ್, ವಾಟ್ಸಾಪ್ ವೆಬ್ ಅದರಲ್ಲೇ ತೆಗೀತಾರೆ. ಊರವರ ಆಧಾರ್, ಪಹಣಿ, ಜಾತಿ ಪ್ರಮಾಣಪತ್ರ ಎಲ್ಲ ಡೆಸ್ಕ್‌ಟಾಪ್ ಮೇಲೇ ಬಿದ್ದಿರುತ್ತೆ. ಇಲ್ಲಿ ಬಾಗಿಲು ಬೇರೆ, ಕಳ್ಳನೂ ಬೇರೆ.

ಅತಿ ದೊಡ್ಡ ಅಪಾಯ ರ‍್ಯಾನ್ಸಮ್‌ವೇರ್. ಒಳಗೆ ಬಂದು ಫೈಲುಗಳಿಗೆಲ್ಲ ಬೀಗ ಹಾಕಿ, ದುಡ್ಡು ಕೊಟ್ರೆ ಬೀಗದ ಕೈ ಕೊಡ್ತೀನಿ ಅನ್ನುತ್ತೆ. ಡಿಗ್ರಿ ಮುಗಿಸಿ ನಾನು ಸ್ವಲ್ಪ ದಿನ ಒಂದು ಆಡಿಟರ್ ಆಫೀಸಲ್ಲಿ ಕೆಲಸ ಮಾಡ್ತಿದ್ದೆ. ಅಲ್ಲಿ ಇದು ನಡೀತು. ಪೇಮೆಂಟ್ ವಿವರ ಅಂತ ಬಂದ ಮೇಲ್ ಯಾರೋ ತೆಗೆದ್ರು, ಮಧ್ಯಾಹ್ನದಷ್ಟೊತ್ತಿಗೆ ಟ್ಯಾಲಿ ಡೇಟಾ ಒಂದೂ ತೆರೀತಿರಲಿಲ್ಲ. ಆಫೀಸಲ್ಲಿ ದುಡ್ಡು ಕೊಟ್ಟು ತಂದ ಆಂಟಿವೈರಸ್ ಇತ್ತು, ಲೈಸೆನ್ಸೂ ಚಾಲ್ತಿಯಲ್ಲಿತ್ತು. ಬ್ಯಾಕಪ್ಪೂ ಇತ್ತು. ಎಲ್ಲಿ? ಅದೇ ಕಂಪ್ಯೂಟರಿನ ಡಿ ಡ್ರೈವಲ್ಲಿ. ಅದಕ್ಕೂ ಬೀಗ ಬಿದ್ದಿತ್ತು. ಆಮೇಲೆ ಮೂರು ವಾರ ಎಲ್ಲರೂ ಕೂತು ಗಿರಾಕಿಗಳ ಬ್ಯಾಂಕ್ ಸ್ಟೇಟ್‌ಮೆಂಟ್, ವೋಚರ್ ತರಿಸ್ಕೊಂಡು ಮತ್ತೆ ಎಂಟ್ರಿ ಮಾಡಿದ್ರು. ಅಷ್ಟರಲ್ಲಿ ಜಿಎಸ್‌ಟಿ ರಿಟರ್ನ್ ತಾರೀಖು ದಾಟಿತ್ತು. ಜಿಎಸ್‌ಟಿಆರ್-3ಬಿ ತಡ ಆದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ವ್ಯವಹಾರವೇ ಇಲ್ಲದವರಿಗೂ ದಿನಕ್ಕೆ 20. ಒಬ್ಬರದಾದ್ರೆ ಸಣ್ಣ ಮೊತ್ತ, ಗಿರಾಕಿಗಳೆಲ್ಲರದೂ ಸೇರಿದ್ರೆ? ಅದಕ್ಕಿಂತ ಹೆಚ್ಚಾಗಿ ಹೋಗಿದ್ದು ನಂಬಿಕೆ.

ಅಂದ್ರೆ ಆಂಟಿವೈರಸ್ ವೇಸ್ಟ್ ಅಂತ ನಾನು ಹೇಳ್ತಿಲ್ಲ. ಅದು ತಪ್ಪಿದ ದಿನ ಇನ್ನೊಂದು ಕಾಪಿ ಬೇರೆ ಕಡೆ ಇರ್ಬೇಕು ಅಂತ ಹೇಳ್ತಿದೀನಿ. ಹಾಗಾಗಿ ಅಂಗಡಿಯ ಮೊದಲ ಖರ್ಚು ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ವಾರಕ್ಕೊಮ್ಮೆ ಕಾಪಿ ಮಾಡಿ, ಕಿತ್ತು ಬೀರುವಲ್ಲಿಡಿ. ಚುಚ್ಚಿಟ್ಟೇ ಬಿಟ್ರೆ ಅದಕ್ಕೂ ಬೀಗ ಬೀಳುತ್ತೆ.

ಎರಡನೇದು ಅಪ್‌ಡೇಟ್, ಇದಕ್ಕೆ ದುಡ್ಡಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ ಪ್ರಪಂಚದಾದ್ಯಂತ ಹರಡ್ತು, ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳೇ ನಿಂತುಹೋದ್ವು. ಅದು ನುಗ್ಗಿದ ತೂತನ್ನ ಮುಚ್ಚೋ ಅಪ್‌ಡೇಟನ್ನ ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚ್‌ನಲ್ಲೇ ಕೊಟ್ಟಿತ್ತು. ಹಾಕ್ಕೊಂಡಿದ್ದ ಕಂಪ್ಯೂಟರುಗಳಿಗೆ ಆ ದಾರಿಯಿಂದ ಅದು ನುಗ್ಗೋಕಾಗಲಿಲ್ಲ. ಇನ್ನೊಂದು ನೆನಪಿಡಿ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಳೇ ವಿಂಡೋಸ್ ಮೇಲೆ ಹೊಸ ಆಂಟಿವೈರಸ್ ಹಾಕೋದು ಮುರಿದ ಬಾಗಿಲಿಗೆ ದುಬಾರಿ ಬೀಗ ಹಾಕಿದ ಹಾಗೆ.

ಮೂರನೇದು ವಿಂಡೋಸ್ ಒಳಗೇ ಇರೋ ಒಂದು ಸ್ವಿಚ್. ವಿಂಡೋಸ್ ಸೆಕ್ಯುರಿಟಿ ತೆಗೆದು ‘ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್’ ಅಂತ ಹೋದ್ರೆ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’ ಸಿಗುತ್ತೆ. ಅದು ಸಾಮಾನ್ಯವಾಗಿ ಆಫ್ ಇರುತ್ತೆ. ಆನ್ ಮಾಡಿ, ನಿಮ್ಮ ಲೆಕ್ಕದ ಫೋಲ್ಡರನ್ನ ಪಟ್ಟಿಗೆ ಸೇರಿಸಿದ್ರೆ ಗುರುತಿಲ್ಲದ ಪ್ರೋಗ್ರಾಂ ಆ ಫೈಲ್‌ಗಳನ್ನ ಬದಲಾಯಿಸೋಕಾಗಲ್ಲ. ನಿಮ್ಮ ಅಕೌಂಟಿಂಗ್ ಸಾಫ್ಟ್‌ವೇರನ್ನೂ ತಡೆದ್ರೆ ಗಾಬರಿ ಬೇಡ, ಅಲ್ಲೇ ಅನುಮತಿ ಕೊಡಬಹುದು. ಇದು ಡಿಫೆಂಡರ್ ನಡೀತಿದ್ರೆ ಮಾತ್ರ ಕೆಲಸ ಮಾಡುತ್ತೆ. ಬೇರೆ ಆಂಟಿವೈರಸ್ ಹಾಕಿದ್ರೆ ಅದರಲ್ಲಿ ಇಂಥ ಸೌಲಭ್ಯ ಇದೆಯಾ ಅಂತ ಕೇಳಿ ತಗೊಳ್ಳಿ.

ಇಷ್ಟು ಮಾಡಿದ್ಮೇಲೆ, ಹೌದು, ಪೆನ್‌ಡ್ರೈವ್ ಇಷ್ಟೊಂದು ಬರೋ ಅಂಗಡಿಗೆ ಒಂದು ಒಳ್ಳೆ ಕಂಪನಿಯ ದುಡ್ಡಿನ ಆಂಟಿವೈರಸ್ ತಗೊಂಡ್ರೆ ನಾನು ಬೇಡ ಅನ್ನಲ್ಲ. ಪೆನ್‌ಡ್ರೈವ್ ಚುಚ್ಚಿದ ತಕ್ಷಣ ಸ್ಕ್ಯಾನ್ ಆಗೋದು, ತೊಂದರೆ ಆದ್ರೆ ಫೋನಲ್ಲಿ ಸಿಗೋ ಒಬ್ಬ ಮನುಷ್ಯ, ಇವೆರಡಕ್ಕೂ ಅಂಗಡಿಲಿ ಬೆಲೆ ಇದೆ. ಬಿಲ್ ಅಂಗಡಿ ಹೆಸರಲ್ಲಿ ತಗೊಳ್ಳಿ, ಅದು ವ್ಯಾಪಾರದ ಖರ್ಚು. ನಿಮಗೆ ಜಿಎಸ್‌ಟಿ ನೋಂದಣಿ ಇದ್ದು ಕಾಂಪೊಸಿಷನ್ ಸ್ಕೀಮಲ್ಲಿ ಇಲ್ಲದಿದ್ರೆ ಅದರ ಮೇಲಿನ 18% ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ತಗೋಬಹುದು. ದುಡ್ಡು ಸಾಲದಿದ್ರೆ ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರ ಇದೆ, ವೈರಸ್ ತೆಗೆಯೋ ಟೂಲ್‌ಗಳನ್ನ ಉಚಿತವಾಗಿ ಕೊಡುತ್ತೆ.

ಇಲ್ಲಿ ಕೆಲವರು ಕೇಳ್ತೀರ, ಉಚಿತ ಅಂದ್ರೆ ನಮ್ಮ ಡೇಟಾ ಮಾರ್ಕೊಳ್ತಾರಲ್ವಾ ಅಂತ. ಒಳ್ಳೆ ಪ್ರಶ್ನೆ. ಅವಾಸ್ಟ್ ಕಂಪನಿ ಬಳಕೆದಾರರು ಯಾವ ಯಾವ ವೆಬ್‌ಸೈಟ್ ನೋಡ್ತಾರೆ ಅನ್ನೋ ಮಾಹಿತಿಯನ್ನ ಜಂಪ್‌ಶಾಟ್ ಅನ್ನೋ ತನ್ನದೇ ಅಂಗಸಂಸ್ಥೆ ಮೂಲಕ ಮಾರಿದೆ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಮಾಡ್ತು. 2024ರಲ್ಲಿ ಕಂಪನಿ 1.65 ಕೋಟಿ ಡಾಲರ್ ಕೊಡಬೇಕಾಗಿ ಬಂತು. ಕಾಯೋಕೆ ಇಟ್ಕೊಂಡವನೇ ಮನೆಯೊಳಗಿನ ಸುದ್ದಿ ಮಾರಿದ ಹಾಗಾಯ್ತು. ಹಾಗಂತ ದುಡ್ಡಿನದ್ದೆಲ್ಲ ಸಾಚಾ ಅನ್ಕೋಬೇಡಿ. ದುಡ್ಡು ಕೊಟ್ಟು ಕೊಳ್ಳೋ ನಾರ್ಟನ್ 360 ಒಳಗೆ 2021ರಲ್ಲಿ ಕ್ರಿಪ್ಟೋ ಮೈನಿಂಗ್ ಸೇರಿಸಿದ್ರು. ಬಳಕೆದಾರ ಒಪ್ಪಿ ಆನ್ ಮಾಡಿದ್ರೆ ಮಾತ್ರ ನಡೀತಿತ್ತು, ಆದರೆ ಕರೆಂಟ್ ನಿಮ್ಮದು, ಕಂಪ್ಯೂಟರ್ ನಿಮ್ಮದು, ಬಂದಿದ್ದರಲ್ಲಿ 15% ಕಂಪನಿಗೆ. ಇನ್ನೊಂದು ತಮಾಷೆ, ಅಂಗಡಿಲಿ ಬೇರೆ ಬೇರೆ ಡಬ್ಬದಲ್ಲಿ ಕಾಣೋ ನಾರ್ಟನ್, ಅವಾಸ್ಟ್, ಎವಿಜಿ, ಅವಿರಾ, ಈ ನಾಲ್ಕೂ ಈಗ ಜೆನ್ ಡಿಜಿಟಲ್ ಅನ್ನೋ ಒಂದೇ ಕಂಪನಿಯವು.

ಕೊನೇದಾಗಿ ರಿನ್ಯೂವಲ್ ಆಟ. ಮೊದಲ ವರ್ಷ ಅರ್ಧಕ್ಕರ್ಧ ರಿಯಾಯಿತಿ ತೋರಿಸ್ತಾರೆ, ಎರಡನೇ ವರ್ಷ ಪೂರ್ತಿ ಬೆಲೆ ತಾನಾಗೇ ಕಟ್ ಆಗುತ್ತೆ. ಕೊಳ್ಳೋವಾಗ ಎರಡನೇ ವರ್ಷದ ಬೆಲೆ ಎಷ್ಟು ಅಂತ ನೋಡಿ, ನಿಜವಾದ ಬೆಲೆ ಅದೇ. ಇಂಥ ಆಟೋ ಪೇಮೆಂಟ್‌ಗಳಿಗೆ ರಿಸರ್ವ್ ಬ್ಯಾಂಕ್ ನಿಯಮ ಇದೆ, ದುಡ್ಡು ಕಟ್ ಆಗೋ 24 ಗಂಟೆ ಮುಂಚೆ ನಿಮಗೆ ಮೆಸೇಜ್ ಬರ್ಬೇಕು. ಅದನ್ನ ಸ್ಪ್ಯಾಮ್ ಅಂತ ಅಳಿಸಬೇಡಿ, ಬೇಡ ಅಂದ್ರೆ ಆಗಲೇ ರದ್ದು ಮಾಡಿ. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಮುಗಿದಿದ್ರೆ ಅದನ್ನ ಅನ್‌ಇನ್‌ಸ್ಟಾಲ್ ಮಾಡಿ, ವಿಂಡೋಸ್ ಸೆಕ್ಯುರಿಟಿಲಿ ಹಸಿರು ಟಿಕ್ ಬಂತಾ ನೋಡಿ. ಇನ್ನು ಮೇಲಲ್ಲಿ “ನಿಮ್ಮ ಆಂಟಿವೈರಸ್ ರಿನ್ಯೂ ಆಗಿದೆ, ಬೇಡವಾದ್ರೆ ಈ ನಂಬರಿಗೆ ಫೋನ್ ಮಾಡಿ” ಅಂತ ಬಿಲ್ ಬಂದ್ರೆ ಆ ನಂಬರಿಗೆ ಮಾಡಲೇಬೇಡಿ. ವೈರಸ್ಸಿನ ಭಯವನ್ನೇ ಬಂಡವಾಳ ಮಾಡ್ಕೊಂಡ ಮೋಸ ಅದು.

ಇಷ್ಟೆಲ್ಲ ಮಾಡಿದ್ರೂ ಒಂದು ದಿನ ದುಡ್ಡು ಹೋಯ್ತು ಅಂದ್ಕೊಳ್ಳಿ. ಆಗ ಲೆಕ್ಕಕ್ಕೆ ಬರೋದು ಸಮಯ. ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ, ದೂರಿನ ನಂಬರ್ ಬರ್ಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ದುಡ್ಡು ಹೋಗಿದ್ರೆ, ಮೂರು ಕೆಲಸದ ದಿನದೊಳಗೆ ತಿಳಿಸಿದ್ರೆ ನಷ್ಟ ನಿಮ್ಮ ತಲೆ ಮೇಲೆ ಬರಲ್ಲ. ಒಟಿಪಿ ನೀವೇ ಕೊಟ್ಟಿದ್ರೆ, ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿಂದು. ಅಂದ್ರೆ ನಾಚಿಕೆ ಪಟ್ಕೊಂಡು ಸುಮ್ಮನಿದ್ದ ಒಂದೊಂದು ಗಂಟೆಗೂ ಬೆಲೆ ಇದೆ. ಮೋಸ ಹೋದ ಅಪ್ಪ ಅಮ್ಮಂಗೆ ಮೊದಲು ಬೈಬೇಡಿ. ಬೈತಾರೆ ಅನ್ನೋ ಭಯಕ್ಕೇ ಎಷ್ಟೋ ಜನ ಮಕ್ಕಳಿಗೆ ಮಾರನೇ ದಿನ ಹೇಳ್ತಾರೆ.

1930 ಅನ್ನೋ ನಂಬರನ್ನ ಮನೆಯವರ ಫೋನಲ್ಲಿ ಸೇವ್ ಮಾಡಿಕೊಡಿ. ಮುಂದಿನ ವಾರ ಸಿಮ್ ಕಾರ್ಡ್ ಬಗ್ಗೆ ಮಾತಾಡೋಣ, ನಿಮ್ಮ ಹೆಸರಲ್ಲಿ ನಿಮಗೇ ಗೊತ್ತಿಲ್ಲದ ಎಷ್ಟು ಸಿಮ್ ಇದೆ ಅಂತ ನೋಡೋದು ಹೇಗೆ ಅಂತ. ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸ್ತಾ ಇರಿ, ನಿಮ್ಮೂರಿನ ಮಾತಲ್ಲೇ ಕಳಿಸಿ. ಬರ್ತೀನಿ, ನಮಸ್ಕಾರ.